ದೋಣಿಯ ತಾರೀಕು

ಅಕ್ಕನ ಬಲಗೈ ತೋರುಬೆರಳಿಗೆ ಉಗುರು ಅರ್ಧವೇ ಇತ್ತು. ಮೆಟ್ಟುಕತ್ತಿಯಲ್ಲಿ ಅಂಜಲ್ ಮೀನು ಕೊಯ್ಯುವಾಗ ಹೋದದ್ದಂತೆ. ಆ ಮೊಂಡು ಬೆರಳಿನಿಂದ ಅವರು ಎಂಟರ್ ಕೀ ಒತ್ತಿದರೆ ಪಕ್ಕದ ಕೋಣೆಯ ಕಾರ್ಯದರ್ಶಿಗೂ ಕೇಳುತ್ತಿತ್ತು.

ಕುಂದಾಪುರದ ಕಡಲ ಬದಿಯ ಒಂದು ಮೀನುಗಾರರ ಸಂಘದ ಕಚೇರಿ ನಮ್ಮದು. ತೆಕ್ಕಟ್ಟೆಯಿಂದ ಬಂದು ಕೆಲಸಕ್ಕೆ ಸೇರಿದ ನನಗೆ ಎಕ್ಸೆಲ್ ಕಲಿಸಿದವರು ಅಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಈ ಹಿರಿಯ ಗುಮಾಸ್ತೆ. ಎಷ್ಟು ಸಲ ತಪ್ಪಿದರೂ ಬೈಯುತ್ತಿರಲಿಲ್ಲ. ಚೆಂದ ಕಾಣಲೆಂದು ಎರಡು ಸೆಲ್ ಸೇರಿಸಿ ಬಣ್ಣ ತುಂಬಿದರೆ ಮಾತ್ರ ಸಿಟ್ಟು. "ಇದೆಂತ ರಂಗೋಲಿಯಾ ಮಾರಾಯ್ತಿ?" ಎಂದು ಅಳಿಸಿಬಿಡುತ್ತಿದ್ದರು.

ಅವರ ಗಂಡ ನಾನು ಸೇರುವ ಮೊದಲೇ ಕಡಲಿಗೆ ಹೋದವರು ಬಂದಿರಲಿಲ್ಲ. ಬೈಂದೂರಿನಾಚೆ ದೋಣಿ ಮಗುಚಿ ತೇಲುತ್ತಿದ್ದದ್ದು ಸಿಕ್ಕಿತು. ಅವರು ಸಿಗಲಿಲ್ಲ. ಅಕ್ಕ ಕುಂಕುಮ, ಕರಿಮಣಿ ತೆಗೆಯಲಿಲ್ಲ. ಊರವರೂ ಕೇಳಿ ಕೇಳಿ ಸುಮ್ಮನಾಗಿದ್ದರು.

ಒಮ್ಮೆ ತಿಂಗಳುವಾರು ವರದಿ ಮಾಡಬೇಕಾಯಿತು. ಎಷ್ಟು ಸದಸ್ಯರು, ಎಷ್ಟು ಮೀನು, ಎರಡೂ ಒಟ್ಟಿಗೆ. ದೋಣಿಗಳ ಶೀಟಿನಲ್ಲಿ ಪ್ರತಿ ಸಾಲಿಗೂ ತಾರೀಕು ಇತ್ತು. ಸದಸ್ಯರ ಶೀಟಿನಲ್ಲಿ ಹೆಸರು, ಊರು, ದೋಣಿ ಇಷ್ಟೇ, ತಾರೀಕೇ ಇಲ್ಲ. ಎರಡನ್ನೂ ಜೋಡಿಸಿದರೆ ಮೀನು ತಿಂಗಳಿಗೊಂದು ರೀತಿ ಬಂತು, ಸದಸ್ಯರು ಮಾತ್ರ ಯಾವ ತಿಂಗಳು ನೋಡಿದರೂ ಅಷ್ಟೇ. ಸತ್ತವರೂ ಹಾಜರು, ಮೊನ್ನೆ ಸೇರಿದವರು ಹಳೆಯ ವರ್ಷಗಳಲ್ಲೂ ಹಾಜರು.

"ತಾರೀಕ್ ಇಲ್ದೆ ಇದ್ದರ್ ಎಲ್ಲಾ ತಿಂಗ್ಳಗೂ ಇದ್ರ್ ಕಾಣ್," ಎಂದು ಅಕ್ಕ ನಕ್ಕರು.

ಸದಸ್ಯರ ಶೀಟಿಗೆ ಸೇರಿದ ದಿನ, ಬಿಟ್ಟ ದಿನ ಎಂದು ಎರಡು ಕಾಲಮ್ ಹಾಕಿದರು. ಬಿಟ್ಟ ದಿನ ಖಾಲಿ ಇದ್ದರೆ ಆ ವ್ಯಕ್ತಿ ಇನ್ನೂ ಇದ್ದಾರೆ ಎಂದು ಸೂತ್ರ. ತೀರಿಹೋದವರ ಮನೆಗಳಿಗೆಲ್ಲ ಫೋನ್ ಮಾಡಿ ತುಂಬಿದೆವು. ಗಂಡನ ಸಾಲು ಬಂದಾಗ ಅಕ್ಕ ಖಾಲಿ ಬಿಟ್ಟು ಮುಂದೆ ಹೋದರು. ಅಂದಿನಿಂದ ಪ್ರತಿ ತಿಂಗಳೂ ನಮ್ಮ ಲೆಕ್ಕದಲ್ಲಿ ಒಬ್ಬರು ಜಾಸ್ತಿ.

ಕಾರ್ಯದರ್ಶಿ ಒಳ್ಳೆಯವರೇ. ಮೆಲ್ಲಗೆ ಬಂದು ಹೇಳಿದರು, "ಅಕ್ಕ, ದೋಣಿ ಸಿಕ್ಕಿದ್ ದಿನ ಹಾಕಿ ಮುಗ್ಸಿ."

"ಅದ್ ದೋಣಿ ತಾರೀಕ್. ಅವ್ರದ್ದಲ್ಲ."

ಅಕ್ಕನ ಅತ್ತೆಗೂ ಒಂದು ತಾರೀಕು ಬೇಕಿತ್ತು. ಮೀನಿನ ಬುಟ್ಟಿ ಹೊರಗಿಟ್ಟು ಕಚೇರಿಯ ಬಾಗಿಲಲ್ಲೇ ಕೂತು ಕೇಳುತ್ತಿದ್ದರು. "ಒಂದ್ ದಿನ ಹೇಳ್ ಮಾರಾಯ್ತಿ. ಮಗನಿಗೆ ಒಂದ್ ತುತ್ತ್ ಅನ್ನ ಇಡ್ಕಲ್ದಾ? ನಾನ್ ಹೋದ್ ಮೇಲೆ ಯಾರ್ ಇಡ್ತ್ರ್?" ಅಕ್ಕ ಅವರಿಗೆ ಚಾ ತಂದಿಟ್ಟು ಕೀಬೋರ್ಡಿಗೆ ಮರಳುತ್ತಿದ್ದರು. ದಿನ ಹೇಳಿದರೆ ಗಂಡ ಸತ್ತ ಹಾಗೆ. ಹೇಳದಿದ್ದರೆ ಅತ್ತೆಗೆ ತಿಥಿ ಮಾಡುವಂತಿಲ್ಲ. ಆ ಮುದುಕಿ ಮಗನಿಗೆ ಅನ್ನ ಇಡದೆಯೇ ತೀರಿಹೋದರು.

ಕಳೆದ ವರ್ಷ ಎಲ್ಲವನ್ನೂ ಹೊಸ ಪೋರ್ಟಲಿಗೆ ಏರಿಸಬೇಕೆಂದು ಆದೇಶ ಬಂತು. ಅದಕ್ಕೆ ನಮ್ಮ ಸೂತ್ರ ಗೀತ್ರ ಗೊತ್ತಿಲ್ಲ. ಅಪಘಾತದಲ್ಲಿ ದೋಣಿ ರದ್ದಾದ ಸದಸ್ಯರ ಬಿಟ್ಟ ದಿನ ಖಾಲಿ ಇದ್ದರೆ ಫೈಲನ್ನೇ ತೆಗೆದುಕೊಳ್ಳುವುದಿಲ್ಲ. ಅಂಥ ಸಾಲು ಅಕ್ಕನ ಗಂಡನದೊಂದೇ. ಫೈಲ್ ಹೋಗದಿದ್ದರೆ ಯಾರಿಗೂ ಡೀಸೆಲ್ ಸಬ್ಸಿಡಿ ಇಲ್ಲ. ದೋಣಿಯವರು ಬಂದು ಗೋಡೆಗೆ ಒರಗಿ ನಿಂತರು. ಮನೆಗೆ ಹೋಗಲಿಲ್ಲ. ಕೊನೆಯ ದಿನ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದ ಅಕ್ಕ ಆ ಸೆಲ್ಲಿನಲ್ಲಿ ತಾರೀಕು ಟೈಪ್ ಮಾಡಿದರು. ಎಂಟರ್ ಒತ್ತಿದ್ದು ನನಗೇ ಕೇಳಲಿಲ್ಲ.

ನೋಡಿದರೆ ಆ ದಿನದ್ದೇ ತಾರೀಕು.

"ಇವತ್ತಿಂದ್ ಹಾಕ್ದೆ," ಎಂದರು. "ನಿನ್ನೆವರೆಗೂ ಇದ್ರ್ ಅಲ್ದಾ."

ಫೈಲ್ ಹೋಯಿತು. ದೋಣಿಯವರೂ ಹೋದರು. ಗಂಡನ ಸದಸ್ಯತ್ವ ಅಂದೇ ಅಕ್ಕನ ಹೆಸರಿಗೆ ಬಂತು. ಮರುದಿನ ಅವರು ಕುಂಕುಮ ಇಡದೆ ಕೆಲಸಕ್ಕೆ ಬಂದರು. ನಾನು ಮುಖ ಎತ್ತಿ ನೋಡಲಾರದೆ ಇಡೀ ದಿನ ಏನೋ ಹುಡುಕುವವಳ ಹಾಗೆ ಕಪಾಟಿನ ಮುಂದೆಯೇ ಇದ್ದೆ.

ಮಳೆಗಾಲ ಶುರುವಾಗುತ್ತಲೇ ಅಕ್ಕ ಹಾಸಿಗೆ ಹಿಡಿದರು. ನೋಡಲು ಹೋದಾಗ ಗುಳಿಗೆಗಳು ಪೊಟ್ಟಣ ಬಿಚ್ಚದೆ ಹಾಗೆಯೇ ಇದ್ದವು. ತೆಗೆದುಕೊಳ್ಳಿ ಎಂದು ಅಂಗಲಾಚಿದೆ.

"ಯಾರಿಗ್ ಕಾಯ್ಕ್ ಇನ್ನ್?" ಎಂದು ಗೋಡೆಯ ಕಡೆ ತಿರುಗಿದರು.

ಅವರು ತೀರಿಕೊಂಡ ಮೇಲೆ ಬಿಟ್ಟ ದಿನ ಹಾಕಬೇಕಾದವಳು ನಾನೇ. ಹಾಕಿದೆ. ಯಾರ ತಕರಾರೂ ಇರಲಿಲ್ಲ. ಪೋರ್ಟಲ್ ಒಂದೇ ಸಲಕ್ಕೆ ತೆಗೆದುಕೊಂಡಿತು. ಆ ತಿಂಗಳ ಲೆಕ್ಕ ಸರಿಯಾಗಿ ಬಂತು. ಒಬ್ಬರೂ ಜಾಸ್ತಿ ಇರಲಿಲ್ಲ. ನನಗೆ ಅನ್ನದ ದಾರಿ ತೋರಿಸಿದವರು ಅಕ್ಕ. ಅವರಿಗೂ ಅವರ ಗಂಡನಿಗೂ ಈಗ ಒಂದೊಂದು ತಾರೀಕಿದೆ. ಆ ದಿನ ಅನ್ನ ಇಡುವವರು ಆ ಮನೆಯಲ್ಲಿ ಯಾರೂ ಇಲ್ಲ.