ಕೆಸರಿನಡಿಯ ಮುಖ

ಸೂರತ್ತಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದ ಕಾಕು ಯಾವುದನ್ನೂ ಬರೀ ಕಣ್ಣಿನಿಂದ ನೋಡಿದವರಲ್ಲ. ಸೀರೆಯಿರಲಿ, ಬದನೆಕಾಯಿಯಿರಲಿ, "ತಡಿ ಸ್ವಲ್ಪ, ಮುಟ್ಟಿ ನೋಡತೀನಿ" ಅನ್ನುತ್ತಿದ್ದರು.

ಒಂದು ಭಾನುವಾರ ನಾವಿಬ್ಬರೂ ಸಮುದ್ರದಂಚಿನಲ್ಲಿ ನಡೆಯುತ್ತಿದ್ದಾಗ, ಕೆಸರಿನಲ್ಲಿ ಅರ್ಧ ಹೂತ ಮೂರು ಕೆತ್ತನೆಯ ಕಲ್ಲುಗಳು ಕಂಡವು, ನಮ್ಮ ಕಡೆಯ ವೀರಗಲ್ಲಿನಂಥವು. ಒಂದರಲ್ಲಿ ದೋಣಿ, ದೋಣಿಯೊಳಗೊಬ್ಬ ಮನುಷ್ಯ. ಕಾಕು ಕುಕ್ಕರಗಾಲಲ್ಲಿ ಕೂತು ಅವನ ಮುಖದ ಕೆಸರು ಒರೆಸತೊಡಗಿದರು. ಅಷ್ಟರಲ್ಲಿ ಉಬ್ಬರವೇರಿ ನಮ್ಮ ಹಿಂದಿನ ತಗ್ಗಿಗೆ ನೀರು ನುಗ್ಗಿತು. ದಂಡೆಯಿಂದ ವಯಸ್ಸಾದ ಮೀನುಗಾರನೊಬ್ಬ, "ಬೆನ್, ಜಲ್ದಿ ಆವೋ!" ಅಕ್ಕಾ, ಬೇಗ ಬನ್ನಿ ಎಂದು ಗುಜರಾತಿಯಲ್ಲಿ ಕೂಗಿದ.

"ಕಾಕೂ, ಏಳ್ರೀ!" ಎಂದು ನಾನು ತೋಳು ಜಗ್ಗಿದೆ.

"ತಡಿ, ಮೂಗು ಸಿಕ್ತು."

ತಗ್ಗು ದಾಟುವಾಗ ನೀರು ಸೊಂಟಕ್ಕೆ ಬಂತು. ಕಾಕು ನನ್ನ ಮಣಿಕಟ್ಟು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಬಂದರು.

ದಂಡೆ ಹತ್ತಿದೊಡನೆ ಮೀನುಗಾರ ಹಿಂದಿಯಲ್ಲಿ ಬೈದ: "ಸಮುದ್ರಕ್ಕೆ ಹೋಗಿ ವಾಪಸ್ ಬಾರದವರ ಕಲ್ಲುಗಳವು. ದೋಣಿಯದು ನನ್ನ ಅಜ್ಜನದು, ನಾನು ಹುಟ್ಟುವ ಮೊದಲೇ ಕೆಸರಲ್ಲಿ ಹೂತಿತ್ತು, ಅವನ ಮುಖ ನಾನೂ ಕಂಡಿಲ್ಲ. ನಿಮಗೂ ಒಂದು ಕಲ್ಲು ನಿಲ್ಲಿಸಬೇಕಾ?"

ಕಾಕು ಸೀರೆ ಹಿಂಡುವುದನ್ನು ಬಿಟ್ಟು, "ಮೂಗು, ಮೀಸೆ ಎಲ್ಲ ಹಾಗೇ ಇವೆ. ಒಂದಿಷ್ಟೂ ಸವೆದಿಲ್ಲ" ಎಂದು ಹರಕು ಹಿಂದಿಯಲ್ಲಿ ಹೇಳಿದರು.

ಅವನ ದನಿ ಇಳಿಯಿತು. "ಮೀಸೆ ಇದೆಯಾ?" ಎಂದು ಕೇಳಿ, ನೀರು ಮುಚ್ಚಿದ ಆ ಜಾಗವನ್ನೇ ನೋಡುತ್ತ ನಿಂತ.