ಶುಕ್ರವಾರದ ಫೋನು

ರಿಕ್ರೂಟರ್ ಅಂದರೆ ಕೆಲಸ ಕೊಡುವವಳೇ ಎಂದು ನಂಬಿದ್ದ ನಮ್ಮ ಪ್ರೋಗ್ರಾಮರ್ ಮಹಾಶಯ, ಮೊದಮೊದಲು ಆಕೆಯ ಫೋನು ಬಂದರೆ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು ಮಾತಾಡುತ್ತಿದ್ದ. ಆಕೆ ಬರೀ ಅರ್ಜಿ ದಾಟಿಸುವವಳು, ಬೀಗದ ಕೈ ಬೇರೆಯವರ ಸೊಂಟದಲ್ಲಿದೆ ಎಂದು ತಿಳಿಯುವ ಹೊತ್ತಿಗೆ ಅವನ ಕೆಲಸ ಹೋಗಿ ಹನ್ನೊಂದು ತಿಂಗಳಾಗಿತ್ತು. ಸೋಮವಾರ ‘ಸರ್, ನಿಮ್ಮ ಪ್ರೊಫೈಲ್ ಅಂದ್ರೆ ಬಂಗಾರ’ ಎನ್ನುವಳು. ಶುಕ್ರವಾರ ಸಂಜೆ ಐದಕ್ಕೆ ತಪ್ಪದೆ ಫೋನು ಮಾಡಿ, ‘ಆಗ್ಲಿಲ್ಲ ಸರ್, ಸ್ವಲ್ಪ ಚಿಕ್ಕ ವಯಸ್ಸಿನವರು ಬೇಕಂತೆ’ ಎನ್ನುವಳು. ಉಳಿದ ರಿಕ್ರೂಟರುಗಳಾದರೋ, ಇಲ್ಲ ಎನ್ನಬೇಕಾದಾಗ ನೀರಿಗೆ ಬಿದ್ದ ಕಲ್ಲಿನಂತೆ ಮಾಯ. ಹತ್ತೊಂಬತ್ತನೆಯ ಸಲವೂ ಬಂಗಾರ ಹಿತ್ತಾಳೆಯಾದಾಗ ಇವನಿಗೆ ರೇಗಿತು: ‘ಅಲ್ಲಮ್ಮಾ, ಇಲ್ಲ ಅನ್ನೋಕೂ ಒಂದು ಫೋನು ಯಾಕೆ?’ ‘ನಮ್ಮನೆಯವರೂ ಪ್ರೋಗ್ರಾಮರ್ರೇ ಸರ್. ಎರಡು ವರ್ಷದಿಂದ ಫೋನು ಹಿಡ್ಕೊಂಡು ಕೂತಿದ್ದಾರೆ. ಅವರಿಗೆ ಇಲ್ಲ ಅಂತಾನೂ ಯಾರೂ ಹೇಳಲ್ಲ.’