ಉಸಿರು ಚಾಲೂ ಐತೆ

ಪದ್ಮಾ, ಆ ಮಧ್ಯಾಹ್ನ ನಿಮ್ಮವ್ವ ಕಿಟಕಿಯಿಂದ ಹೇಳಿದ ಮಾತು ನನಗೆ ಸರಿಯಾಗಿಯೇ ಕೇಳಿಸಿತ್ತು. ಅರ್ಥವೂ ಆಗಿತ್ತು. ತಿಪ್ಪೇಸಣ್ಣನ ಕಿವಿಗೆ ಬೇರೆ ಕೇಳಿಸಿತು, ಬಾಯಿಗೆ ಕಟ್ಟಿದ ಮಾಸ್ಕು, ಅರ್ಧ ಮುಚ್ಚಿದ ಕಿಟಕಿ, ಮೇಲೆ ತೆಲುಗು ಮಾತು, ಪಾಪ ಅವನೇನು ಮಾಡಿಯಾನು — ಅಂತ ಇಷ್ಟು ವರ್ಷ ನೀನೇ ನನ್ನ ಪರವಾಗಿ ಎಲ್ಲರಿಗೂ ಹೇಳಿಕೊಂಡು ಬಂದೆ. ನಾನು ತಲೆ ತಗ್ಗಿಸಿ ಹೂಂಗುಟ್ಟಿದೆ. ನೋಡಿದವರು ಅದನ್ನು ದುಃಖ ಅಂದುಕೊಂಡರು. ದುಃಖವೂ ಇತ್ತು, ಇಲ್ಲವೆನ್ನಲಾರೆ. ಆದರೆ ತಲೆ ತಗ್ಗಿಸಿದ್ದು ಅದಕ್ಕಲ್ಲ.

ನನಗೆ ಆ ಬೀದಿಯಲ್ಲಿದ್ದ ಅಡ್ಡಹೆಸರು ನಿನಗೆ ಗೊತ್ತೇ ಇದೆ. ಚಾಲೂ ತಿಪ್ಪೇಸ. ನಾಯಕನಹಟ್ಟಿ ಕಡೆಯಿಂದ ರೇಷ್ಮೆ ಮಗ್ಗ ಕಲಿಯಲು ಮೊಳಕಾಲ್ಮೂರಿಗೆ ಬಂದವನು ನಾನು, ತೆಲುಗಿನ ಗಂಧಗಾಳಿ ಇರಲಿಲ್ಲ. ನಮ್ಮ ಮಗಳ ನಾಮಕರಣದ ಊಟಕ್ಕೆ ನಿಮ್ಮವ್ವ ಪಂಕ್ತಿಯಲ್ಲಿ ಕೂತಿದ್ದಳು. ನಾನು ಪಾಯಸ ಬಡಿಸುತ್ತಿದ್ದೆ. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಚಾಲು, ಚಾಲು" ಅಂದಳು. ತೆಲುಗಿನಲ್ಲಿ ಚಾಲು ಅಂದರೆ ಸಾಕು ಅಂತ ನನಗೇನು ಗೊತ್ತು? ನಮ್ಮ ಕಡೆ ಚಾಲೂ ಅಂದರೆ ನಡೀಲಿ ಅಂತ. ನಡೆಸಿಯೇ ನಡೆಸಿದೆ! ಪಾಯಸ ಎಲೆ ದಾಟಿ ಅವಳ ಸೀರೆಗೆ ಇಳಿಯಿತು. "ಒರೇಯ್, ನನ್ನ ಪಾಯಸದಾಗೆ ಮುಳುಗಿಸ್ತೀಯೇನೋ!" ಅಂತ ಅವಳು ನಕ್ಕ ನಗು, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವತ್ತಿನಿಂದ ನಾನು ಚಾಲೂ ತಿಪ್ಪೇಸ, ಅವಳು ನನಗೆ ಪೆದ್ದಮ್ಮ, ನಮ್ಮ ಕಡೆ ದೊಡ್ಡಮ್ಮ ಅಂದ ಹಾಗೆ.

ಯಾರಿಗೂ ಗೊತ್ತಿಲ್ಲದ್ದು ಇದು: ಆಮೇಲೆ ಅವಳೇ ನನಗೆ ತೆಲುಗು ಕಲಿಸಿದಳು. ನಮ್ಮ ಮನೆಗೂ ನಿಮ್ಮ ಮನೆಗೂ ಒಂದೇ ಗೋಡೆ. ಅತ್ತ ಅವಳ ಮಗ್ಗ, ಇತ್ತ ನನ್ನದು. ಲಾಳಿ ಓಡಿಸುತ್ತಲೇ ಗೋಡೆಯಾಚೆಯಿಂದ ಒಂದೊಂದು ಮಾತು ಕೂಗುವಳು, ನಾನು ತಿರುಗಿ ಕೂಗಬೇಕು. ನೀನು ಮದುವೆಯಾಗಿ ಚಳ್ಳಕೆರೆಗೆ ಹೋದ ಮೇಲಂತೂ ಅವಳಿಗೆ ಮನಸ್ಸು ಬಿಚ್ಚಿ ತೆಲುಗಾಡಲು ಇದ್ದವನು ನಾನೊಬ್ಬನೇ. ಬೀದಿಯವರೆದುರು ಮಾತ್ರ ಬೇಕಂತಲೇ ತಪ್ಪುತಪ್ಪು ಆಡಿ ನಗಿಸುತ್ತಿದ್ದೆ. ಅದೊಂದು ಚಟ ನನಗೆ. ಚಾಲೂ ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ — ಕಿಲಾಡಿ, ಕಪಟಿ ಅಂತ. ಆ ಅರ್ಥದಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ.

ನನ್ನ ಭಯದ ಬಗ್ಗೆ ಹೇಳಬೇಕು. ಕ್ಷಮೆ ಕೇಳುವುದಕ್ಕಲ್ಲ — ಅದನ್ನು ಬಿಟ್ಟು ಹೇಳಿದರೆ ನಾನು ಮಾಡಿದ್ದು ನಿನಗೆ ಪೂರ್ತಿ ತಿಳಿಯುವುದಿಲ್ಲ. ಎರಡನೇ ಅಲೆಯ ಲಾಕ್‌ಡೌನ್ ಆದಾಗ ನನ್ನ ಹೆಂಡತಿ ಮಂಜುಳ ಮಕ್ಕಳನ್ನು ಕರೆದುಕೊಂಡು ಕೊಂಡ್ಲಹಳ್ಳಿಯ ತವರಿಗೆ ಹೋಗಿದ್ದಳು, ಅಲ್ಲೇ ಉಳಿದಳು. ಮನೆಯಲ್ಲಿ ನಾನೊಬ್ಬನೇ. ನೆರೆಯಲ್ಲಿ ಪೆದ್ದಮ್ಮ ಒಬ್ಬಳೇ. ಬೀದಿಯಲ್ಲಿ ಒಂದೊಂದೇ ಮನೆಯ ಮಗ್ಗ ನಿಲ್ಲುತ್ತಾ ಬಂತು. ರೇಷ್ಮೆ ಬರಲಿಲ್ಲ ಅಂತ ನಿಂತಿತೋ, ಮನೆಯಲ್ಲಿ ಜ್ವರ ಅಂತ ನಿಂತಿತೋ, ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಎದುರು ಸಿಕ್ಕವರು ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದರು.

ಮೂಲೆ ಮನೆಯ ಓಬಣ್ಣ ಆ್ಯಂಬುಲೆನ್ಸ್ ಬಂದಾಗ ತಾನೇ ನಡೆದು ಹೋಗಿ ಹತ್ತಿದ. ಹೆಗಲ ಮೇಲೆ ಟವಲು, ಕೈಯಲ್ಲೊಂದು ಚೀಲ. "ಬರ್ತೀನಿ ಕಣ್ರಪ್ಪ, ಮನೆ ಕಡೆ ನೋಡ್ಕಳ್ರಿ" ಅಂದ. ನಾವೆಲ್ಲ ಬಾಗಿಲ ಸಂದಿಯಿಂದ ನೋಡಿದೆವು. ಅವನ ಹೆಂಡತಿಯನ್ನೂ ಮಗನನ್ನೂ ಮಾರನೆಯ ದಿನ ಕರೆದೊಯ್ದು ಚಳ್ಳಕೆರೆಯ ಯಾವುದೋ ಹಾಸ್ಟೆಲಿನಲ್ಲಿ ಇಟ್ಟರು, ಬಾಗಿಲಿಗೆ ಬೊಂಬು ಕಟ್ಟಿದರು. ಅವರಿಬ್ಬರು ಬಂದರು. ಓಬಣ್ಣ ಬರಲಿಲ್ಲ, ಕೊನೆಗೊಮ್ಮೆ ನೋಡಲು ಅವನ ಮುಖವೂ ಯಾರಿಗೂ ಸಿಗಲಿಲ್ಲ. ಆ ಬೊಂಬಿನ ಬಾಗಿಲು ನನ್ನ ಮನೆ ಕಟ್ಟೆಗೆ ನೇರ ಕಾಣುತ್ತಿತ್ತು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಬೆಳಗ್ಗೆ ಎದ್ದ ಕೂಡಲೇ ಇಂಗಿನ ಡಬ್ಬಿ ಮೂಸುತ್ತಿದ್ದೆ. ವಾಸನೆ ಬಂತು, ಸರಿ. ಇಂಗಿನ ವಾಸನೆ ಸತ್ತವನಿಗೂ ಬರುತ್ತದೆ ಅನ್ನಿಸಿ ಕೊಬ್ಬರಿ ಎಣ್ಣೆ ಮೂಸುತ್ತಿದ್ದೆ. ಅದು ಒಂಚೂರು ಕಮ್ಮಿ ಅನ್ನಿಸಿದರೆ ಮತ್ತೆ ಇಂಗಿನ ಡಬ್ಬಿಗೆ ಓಡುತ್ತಿದ್ದೆ. ಕನ್ನಡಿಯಲ್ಲಿ ನಾಲಗೆ ನೋಡಿಕೊಳ್ಳುವುದು, ಕತ್ತು ಮುಟ್ಟಿ ನೋಡಿಕೊಳ್ಳುವುದು, ಗಂಟಲು ಕೆರೆಯುತ್ತಿದೆಯೇ ಅಂತ ಕೆಮ್ಮಿ ಕೆಮ್ಮಿ ನಿಜವಾಗಿಯೂ ಗಂಟಲು ಕೆಡಿಸಿಕೊಳ್ಳುವುದು. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಹಾಲಿನ ವ್ಯಾನಿನವನ ಕೈಲಿ ಚಳ್ಳಕೆರೆಯಿಂದ ತರಿಸಿದ್ದೆ. ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡು ಮಗ್ಗ ಆಡಿಸಲು ಬರುವುದಿಲ್ಲ, ಹಾಗಾಗಿ ಮಗ್ಗವನ್ನೇ ಬಿಟ್ಟೆ. ನೀನು ಜೇಬು ನೆನಪಿಟ್ಟುಕೋ, ಪದ್ಮಾ. ಆ ದಿನವೂ ಅದು ಜೇಬಿನಲ್ಲೇ ಇತ್ತು.

ಪೆದ್ದಮ್ಮನಿಗೆ ಜ್ವರ ಬಂದದ್ದು ನನಗೆ ಗೋಡೆಯಿಂದ ತಿಳಿಯಿತು. ಕೆಮ್ಮು. ಒಣ ಕೆಮ್ಮು, ಬಿಟ್ಟು ಬಿಟ್ಟು. ಬೆಳಗ್ಗೆ ಸಂಜೆ ರಾಗಿ ಗಂಜಿ ಕಾಸಿ ಅವಳ ಕಿಟಕಿಯ ಮೇಲಿಟ್ಟು ಓಡಿಬರುತ್ತಿದ್ದೆ. ಆಮೇಲೆ ಕೈ ಸುಲಿಯುವಷ್ಟು ಸೋಪು. ನೀನು ದಿನಾ ಫೋನ್ ಮಾಡಿ "ತಿಪ್ಪೇಸಣ್ಣ, ಅವ್ವನ ನೋಡ್ಕಳಪ್ಪ, ದಾರಿಯಾಗೆ ಪೊಲೀಸ್ರು ಬಿಡ್ತಿಲ್ಲ" ಅಂತ ಅಳುತ್ತಿದ್ದೆ. ಅವಳ ಫೋನು ಕೆಟ್ಟು ಕೂತಿತ್ತು, ರಿಪೇರಿ ಅಂಗಡಿಗಳೆಲ್ಲ ಮುಚ್ಚಿದ್ದವು. ನಿನಗೂ ಅವಳಿಗೂ ನಡುವೆ ಇದ್ದದ್ದು ನನ್ನ ಬಾಯಿ ಒಂದೇ. "ಆರಾಮಾಗೈತೆ ಕಣಮ್ಮ, ಗಂಜಿ ಕುಡೀತು" ಅನ್ನುತ್ತಿದ್ದೆ. ಆಗಿನ್ನೂ ಅದು ಮುಕ್ಕಾಲು ನಿಜ.

ನರ್ಸ್ ಬಂದದ್ದು ಮಧ್ಯಾಹ್ನ. ನಮ್ಮ ಬೀದಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಗೆ ತೆಲುಗು ನೀರು ಕುಡಿದಷ್ಟು ಸಲೀಸು, ಆದರೆ ಅವಳೇ ಜ್ವರ ಬಂದು ಮಲಗಿದ್ದಳು. ಈಕೆ ಹೊಸಬಳು, ದಾವಣಗೆರೆ ಕಡೆಯವಳು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು, ಒಳಗೆ ಬೆವರಿ ಬಸವಳಿದಿದ್ದಳು. ಬೆರಳಿಗೆ ಹಾಕುವ ಯಂತ್ರ ಬಿ.ಜಿ. ಕೆರೆಗೆ ಹೋದ ತಂಡದ ಹತ್ತಿರ ಉಳಿದಿದೆ ಅಂದಳು. ಬೀದಿಯ ನಡುವೆ ನಿಂತು ಕೇಳಿದಳು: "ಅಜ್ಜೀ, ಉಸಿರಾಡಾಕೆ ತೊಂದ್ರೆ ಏನಾರ ಐತೇನು?"

ಪೆದ್ದಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಜ್ವರ ಏರಿ ಅವಳ ಬಾಯಲ್ಲಿ ಕನ್ನಡ ನಿಲ್ಲುತ್ತಿರಲಿಲ್ಲ, ತಾಯಿಮನೆಯ ಮಾತೇ ಬರುತ್ತಿತ್ತು. ನನ್ನನ್ನು ನೋಡಿಯೇ ಹೇಳಿದಳು: "ಊಪಿರಿ ಚಾಲಟ್ಲೇದು, ನಾಯನಾ."

ಉಸಿರು ಸಾಲುತ್ತಿಲ್ಲ, ಮಗನೇ.

ನರ್ಸ್ ನನ್ನ ಕಡೆ ತಿರುಗಿದಳು. "ಏನಂತಾರ್ರೀ?"

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಬಂತು ಅಂತ ಸುಳ್ಳು ಹೇಳದೆ ಹೇಳುತ್ತೇನೆ. ಪೆದ್ದಮ್ಮ ಬರಲಿಲ್ಲ. ಓಬಣ್ಣನ ಟವಲು ಬಂತು. ಅವಳನ್ನು ಒಯ್ದರೆ ಗಂಜಿ ಕೊಟ್ಟವರು ಯಾರು ಅಂತ ಕೇಳುತ್ತಾರೆ, ನನ್ನನ್ನೂ ಹತ್ತಿಸುತ್ತಾರೆ. ಹಾಸ್ಟೆಲಿನಲ್ಲಿ ಸಾಲು ಮಂಚ, ಆಚೀಚೆ ಕೆಮ್ಮುವವರು, ಇಲ್ಲದ ರೋಗ ಅಲ್ಲೇ ಅಂಟುತ್ತದೆ, ನನ್ನ ಬಾಗಿಲಿಗೂ ಬೊಂಬು — ಥೂ! ಬೆಳಗ್ಗೆ ಕೊಬ್ಬರಿ ಎಣ್ಣೆ ಸ್ವಲ್ಪ ಕಮ್ಮಿ ವಾಸನೆ ಬಂದಿತ್ತು. ಅದೂ ನೆನಪಾಯಿತು.

"ಉಸಿರು ಚಾಲೂ ಐತಂತೆ ಮೇಡಂ" ಅಂದೆ.

ಎಷ್ಟು ಸಲೀಸಾಗಿ ಬಂತು ಗೊತ್ತಾ? ಹಳೆಯ ತಪ್ಪು, ಬೀದಿಯೇ ಮುದ್ದು ಮಾಡಿದ ತಪ್ಪು, ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಮುಂದೆ ಯಾರಾದರೂ ಕೇಳಿದರೆ ಏನು ಹೇಳಬೇಕು ಅನ್ನುವುದೂ ಅದರ ಜೊತೆಗೇ ಹೊಳೆದಿತ್ತು. ಜೇಬಿನಲ್ಲಿ ಆಕ್ಸಿಮೀಟರ್ ಇತ್ತು. ತೆಗೆದು ಕೊಟ್ಟಿದ್ದರೆ ನನ್ನ ಸುಳ್ಳು ನಿಲ್ಲುತ್ತಿರಲಿಲ್ಲ. ಆದರೆ ಆ ಕ್ಷಣ ನಾನು ಯೋಚಿಸಿದ್ದು ಅದನ್ನಲ್ಲ — ಅವಳ ಬೆರಳಿಗೆ ಹಾಕಿದ ಮೇಲೆ ನಾನು ಅದನ್ನು ಹೇಗೆ ಮುಟ್ಟಲಿ ಅಂತ. ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ನರ್ಸ್ ಜ್ವರದ ಮಾತ್ರೆಯ ಪೊಟ್ಟಣ ಕಿಟಕಿಯ ಮೇಲಿಟ್ಟು ಹೋದಳು.

ಸಂಜೆ ನೀನು ಫೋನ್ ಮಾಡಿದಾಗ ನಿನಗೂ ಅದನ್ನೇ ಹೇಳಿದೆ. ಉಸಿರು ಚಾಲೂ ಐತೆ ಕಣಮ್ಮ, ನರ್ಸ್ ನೋಡ್ಕಂಡು ಹೋದ್ಲು. ನೀನು ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ ಅಂದೆ.

ಆಮೇಲೆ ನಾನು ಟಿವಿ ಜೋರು ಮಾಡಿಕೊಂಡು ಕೂತೆ. ಗೋಡೆಯಾಚೆಯ ಕೆಮ್ಮು ಕೇಳದಿರಲಿ ಅಂತ. ಮರುದಿನ ಬೆಳಗ್ಗೆ ಟಿವಿ ಆರಿಸಿದಾಗ ಕೆಮ್ಮು ಇರಲಿಲ್ಲ. ಕಮ್ಮಿ ಆಗಿದೆ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಬೇಕು ಅಂತ ಹಟ ಹಿಡಿದೆನೋ — ಗಂಜಿ ಇಟ್ಟು ಬಂದೆ, ಸಂಜೆ ನೋಡಿದರೆ ಲೋಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಆಗಲೂ ನಾನು ಬಾಗಿಲು ತಟ್ಟಲಿಲ್ಲ. ನೀರು ಬಿಡುವವನು ಅವಳ ನಲ್ಲಿ ಸುಮ್ಮನೆ ಹರಿಯುವುದನ್ನು ಕಂಡು ಬಾಗಿಲು ದಬ್ಬಿದ. ನಿಮ್ಮವ್ವ ಮಗ್ಗದ ಗುಂಡಿಯ ಅಂಚಿಗೆ ಒರಗಿ ಕೂತಲ್ಲೇ ಪ್ರಾಣ ಬಿಟ್ಟಿದ್ದಳು.

ನನ್ನನ್ನೂ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ನಗಬೇಕೋ ಏನೋ — ನನಗೆ ಯಾವತ್ತೂ ಏನೂ ಇರಲಿಲ್ಲ.

ದಾರಿ ತೆರೆದ ಮೇಲೆ ನೀನು ಬಂದೆ. ನರ್ಸ್ ಬರೀ ನನ್ನ ಬಾಯಿಂದ ಚಾಲೂ ಐತೆ ಅಂತ ಕೇಳಿಸಿಕೊಂಡು ಹೋಗಿದ್ದಳು ಅಂತ ನಿನಗೆ ಯಾರೋ ಹೇಳಿದ್ದರು. ನೀನೇ ಅದನ್ನು ಬಿಡಿಸಿದೆ. "ಅವ್ವ ಚಾಲಟ್ಲೇದು ಅಂದಿರ್ತಾಳೆ ಕಣಣ್ಣ, ನಿಂಗೆ ಚಾಲೂ ಅಂತ ಕೇಳೈತೆ. ನಿನ್ನ ತೆಲುಗು ನಂಗೊತ್ತಿಲ್ವಾ?" ಅಂತ ನನ್ನ ಕೈ ಹಿಡಿದು ಅತ್ತೆ. ನನ್ನನ್ನು ಸಮಾಧಾನ ಮಾಡಿದೆ! ನಾನು ಸಿದ್ಧಮಾಡಿಟ್ಟುಕೊಂಡ ಸುಳ್ಳನ್ನು ನಾನು ಬಾಯಿಬಿಡುವ ಮೊದಲೇ ನೀನು ತಂದು ಕೈಗಿಟ್ಟೆ. ತೆಗೆದುಕೊಂಡೆ. ಅಷ್ಟು ಹೇಸಿ ನಾನು.

ಇಷ್ಟೇ ಆಗಿದ್ದರೆ ಇದನ್ನು ನನ್ನ ಜೊತೆಗೇ ಮಣ್ಣಿಗೆ ಒಯ್ಯುತ್ತಿದ್ದೆನೇನೋ. ಕಳೆದ ವಾರ ನಿನ್ನ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಆಡಿ ಬಂದು, ಪಕ್ಕದ ಮನೆಯವರಿಂದ ಕಲಿತಳೋ ಏನೋ, "ಅಮ್ಮಾ, ನೀಳ್ಳು" ಅಂತ ನೀರು ಕೇಳಿದಳು. ನಿಮ್ಮವ್ವನ ದನಿಯೇ ಅದು, ಅದೇ ರಾಗ. ನೀನು ರಪ್ಪನೆ ಬೆನ್ನಿಗೆ ಒಂದು ಬಾರಿಸಿದೆ. "ಎಷ್ಟು ಸಲ ಹೇಳೀನಿ? ನೀರು ಅನ್ನು. ಆ ಮಾತಿಂದ್ಲೇ ನಿಮ್ಮಜ್ಜಿ ಸತ್ತಿದ್ದು" ಅಂದೆ. ಆಮೇಲೆ ನನ್ನ ಕಡೆ ನೋಡಿ, "ಹೌದಲ್ಲಣ್ಣ?" ಅಂದೆ.

"ಹೂಂ" ಅಂದೆ ನಾನು. ಮಗು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು.

ನಿಮ್ಮವ್ವನನ್ನು ಕೊಂದದ್ದು ಸಾಲದು ಅಂತ ಅವಳ ಮಾತನ್ನೂ ಆ ಮಗುವಿನ ಬಾಯಿಂದ ಕಿತ್ತುಹಾಕಿಸುತ್ತಿದ್ದೇನೆ ನಾನು. ಅದಕ್ಕೇ ಉಳಿದದ್ದನ್ನೂ ಹೇಳುತ್ತೇನೆ. ಮೇಲೆ ಅದನ್ನು ಬಿಟ್ಟು ಬರೆದೆ. ಧೈರ್ಯ ಸಾಲಲಿಲ್ಲ.

ನಾನು ಚಾಲೂ ಐತಂತೆ ಅಂದದ್ದು ಪೆದ್ದಮ್ಮನಿಗೂ ಕೇಳಿಸಿತ್ತು. ಕನ್ನಡ ಆಡಲಾಗದಿದ್ದರೂ ತಿಳಿಯುತ್ತಿತ್ತಲ್ಲ. ಮೊದಲು ನಾನು ತಮಾಷೆ ಮಾಡಿದೆ ಅಂದುಕೊಂಡಳೇನೋ, ಮಾಸ್ಕಿನ ಮೇಲೆ ಕಣ್ಣು ಒಂಚೂರು ನಕ್ಕ ಹಾಗಾಯಿತು. ಆಮೇಲೆ ನನ್ನ ಮುಖ ನೋಡಿದಳು. ನರ್ಸ್ ಮಾತ್ರೆ ಹುಡುಕುತ್ತಾ ಚೀಲಕ್ಕೆ ಬಗ್ಗಿದ್ದಳು. ಪೆದ್ದಮ್ಮ ಸರಳಿಗೆ ಹಣೆ ಕೊಟ್ಟು, ಹುಡುಕಿ ಹುಡುಕಿ, ನನ್ನ ಮಾತಿನಲ್ಲೇ ಹೇಳಿದಳು. "ಸಾಲ್ದು ಕಣೋ ತಿಪ್ಪೇಸ... ಸಾಲ್ದು."

ನರ್ಸ್ ತಲೆಯೆತ್ತಿದಳು. "ಏನೋ ಸಾಲ್ದು ಅಂತಾರಲ್ರೀ?"

"ಗಂಜಿ ಸಾಲ್ದಂತೆ ಮೇಡಂ" ಅಂದೆ. "ಇನ್ನೊಂದ್ಲೋಟ ಕೇಳ್ತಾಳೆ."

"ಹಸಿವು ಐತೆ ಅಂದ್ರ ಚಲೋನೇ ಆತು ಬಿಡ್ರಿ" ಅಂತ ಹೇಳಿ ಹೋದಳು ಪಾಪ.

ಪೆದ್ದಮ್ಮ ಸರಳಿನಿಂದ ಹಣೆ ತೆಗೆದಳು. ಕಿಟಕಿ ತಾನೇ ಎಳೆದುಕೊಂಡಳು.

ಈ ಭಾನುವಾರ ಚಳ್ಳಕೆರೆಗೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ, ಮಗುವೂ ಅಲ್ಲೇ ಇರಲಿ. ಆಮೇಲೆ ನೀನು ನನ್ನನ್ನು ಅಣ್ಣ ಅನ್ನಬೇಕಾಗಿಲ್ಲ, ಹೊಸಿಲು ತುಳಿಯಲು ಬಿಡಬೇಕಾಗಿಯೂ ಇಲ್ಲ. ಆದರೆ ಮಗು ನೀಳ್ಳು ಅಂತ ಕೇಳಿದರೆ ನೀರು ಕೊಡು, ಪದ್ಮಾ. ನಿಮ್ಮವ್ವ ಸತ್ತದ್ದು ತೆಲುಗಿನಿಂದ ಅಲ್ಲ. ಕೊನೆಗೆ ಅವಳು ಕನ್ನಡದಲ್ಲೇ ಹೇಳಿದ್ದಳು.